ಹೆಸರಿನ ನುಡಿ

ಜನಪದ ಅಂತೆ, ಜನಪದ! ನಮ್ಮವ್ವ ಇನ್ನೂ ಬದುಕಿದ್ದಾಳೆ. ದಿನಕ್ಕೆ ಮೂರು ಸಲ ಚಹಾ ಕುಡಿಯುತ್ತಾಳೆ, ಮೊಣಕಾಲು ನೋವು ಎದ್ದರೆ ನನ್ನನ್ನು ಬೈಯುತ್ತಾಳೆ. ಅಂಥವಳು ಕಟ್ಟಿದ ಹಾಡಿನ ಕೆಳಗೆ ಯಾವನೋ ಪುಣ್ಯಾತ್ಮ ‘ಸಾಹಿತ್ಯ: ಜನಪದ’ ಎಂದು ಹಾಕಿದ್ದ.

ಅದು ನನ್ನ ಕಣ್ಣಿಗೆ ಬಿದ್ದದ್ದು ಕಂಪನಿ ಬಸ್ಸಿನಲ್ಲಿ. ನನ್ನ ಹೆಸರು ನೀಲಾ. ಗೋವಾದ ವೆರ್ಣಾದಲ್ಲಿ ಒಂದು ಔಷಧಿ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕೆಲಸ ನನ್ನದು. ವಾಸ್ಕೋದ ಗುಡ್ಡದ ಮೇಲಿನ ನಮ್ಮ ಕನ್ನಡದವರ ಓಣಿಯಿಂದ ಬೆಳಿಗ್ಗೆ ಏಳಕ್ಕೆ ಬಸ್ಸು ಹೊರಡುತ್ತದೆ. ಆ ದಿನ ಮುಂದಿನ ಸೀಟಿನ ಇಬ್ಬರು ಹುಡುಗಿಯರು ಫೋನು ಹಿಡಿದುಕೊಂಡು ತಲೆ ಕುಣಿಸುತ್ತಿದ್ದರು. ದಬದಬ ಬಡಿಯುವ ಸದ್ದಿನ ನಡುವೆ ಒಂದು ಸಾಲು ಕಿವಿಗೆ ಬಿತ್ತು:

ಗುಡ್ಡ ಹಡಗ ಏರಿ ಹೋದಾವ, ಗೆಳತಿ,
ಕೆಂಪ ಧೂಳಿ ನನಗ ಬಿಟ್ಟಾವ.

ನಾನು ಎದ್ದು ಹೋಗಿ ಆ ಹುಡುಗಿಯ ಕೈಯಿಂದ ಫೋನು ಕಸಿದುಕೊಂಡೆ. ಪರದೆಯಲ್ಲಿ ಸಮುದ್ರದ ದಂಡೆ. ಒಬ್ಬಳು ಹುಡುಗಿ ಥಳಥಳ ಹೊಳೆಯುವ ಜರಿ ಸುತ್ತಿದ ಕಸಬರಿಗೆ ಹಿಡಿದು ಸೊಂಟ ತಿರುಗಿಸುತ್ತಿದ್ದಳು. ಅವಳ ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಗಂಡಸು ಹಾಡುತ್ತಿದ್ದ. ಗಾಯನ: ರವಿಕುಮಾರ. ಸಾಹಿತ್ಯ: ಜನಪದ.

“ಎಂಟ ಲಕ್ಷ ಮಂದಿ ನೋಡ್ಯಾರಕ್ಕಾ, ಭಾಳ ಮಸ್ತ್ ಐತಿ,” ಎಂದಳು ಹುಡುಗಿ.

“ಮಸ್ತ್ ಅಂತ ಮಸ್ತ್! ಇದು ನಮ್ಮವ್ವನ ಹಾಡು,” ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಒಬ್ಬಿಬ್ಬರು ನಕ್ಕರು. ಆ ನಗು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಆ ದಿನ ಕಾರ್ಖಾನೆಯಲ್ಲಿ ಎರಡು ಪೆಟ್ಟಿಗೆ ಡಬ್ಬಿಗಳಿಗೆ ಲೇಬಲ್ಲನ್ನು ತಲೆಕೆಳಗಾಗಿ ಅಂಟಿಸಿ ಸೂಪರ್‌ವೈಸರನಿಂದ ಬೈಸಿಕೊಂಡೆ.

ಆ ಹಾಡು ಹೇಗೆ ಹುಟ್ಟಿತು ಎಂದು ಹೇಳಿಬಿಡುತ್ತೇನೆ. ಅವ್ವ ಇಪ್ಪತ್ತಾರು ವರ್ಷ ಮುರ್ಮುಗಾಂವ್ ಬಂದರಿನ ಹೊರಗಿನ ರಸ್ತೆ ಗುಡಿಸಿದವಳು. ಸಾಂಗೆ ಕಡೆಯ ಗಣಿಗಳಿಂದ ಕೆಂಪು ಅದಿರು ಲಾರಿಗಳಲ್ಲಿ ಬಂದು ಹಡಗು ಹತ್ತುತ್ತಿತ್ತು. ದಾರಿಯಲ್ಲಿ ಚೆಲ್ಲಿದ್ದನ್ನು ಗುಡಿಸುವುದು ಅವ್ವನ ಪಾಲಿನ ಕೆಲಸ. ಗುಡಿಸಿ ಹಿಂದೆ ತಿರುಗುವಷ್ಟರಲ್ಲಿ ಇನ್ನೊಂದು ಲಾರಿ ಬಂದು ಮತ್ತೆ ಅಷ್ಟೇ ಕೆಂಪು. ಸಂಜೆ ಮನೆಗೆ ಬಂದರೆ ಅವಳ ಕಣ್ಣಿನ ರೆಪ್ಪೆಯ ಮೇಲೂ ಕೆಂಪು ಧೂಳಿರುತ್ತಿತ್ತು. ಕಸಬರಿಗೆ ಎಳೆಯುವ ಲಯದಲ್ಲೇ ಅವಳು ಆ ಹಾಡು ಕಟ್ಟಿದಳು. ಬರೆಯಲು ಬಾರದು, ಎಲ್ಲಾ ತಲೆಯಲ್ಲೇ. ಮೊಣಕಾಲು ಕೆಟ್ಟು ಕೆಲಸ ಬಿಟ್ಟ ಮೇಲೂ ಎರಡು ವರ್ಷ ಒಂದೊಂದು ಮಾತನ್ನು ಕಿತ್ತು, ಬೇರೆ ಹಾಕಿ, ಮತ್ತೆ ಕಿತ್ತು ಗುನುಗುತ್ತಿದ್ದಳು. ಮುಗಿಯಿತೇನವ್ವಾ ಎಂದರೆ “ಇನ್ನೂ ಒಂದ ನುಡಿ ಬಾಕಿ ಐತಿ” ಎನ್ನುತ್ತಿದ್ದಳು. ಈ ವರ್ಷ ಯುಗಾದಿ ಆದ ಮೇಲೆ ಒಂದು ದಿನ ಅಕ್ಕಿ ಆರಿಸುತ್ತಾ ಕೂತವಳು ತಟ್ಟೆ ಕೆಳಗಿಟ್ಟು, “ಮುಗೀತು ನೋಡು,” ಎಂದಳು.

ಮುಗಿದ ಮೇಲೆ ಮುಂದೇನು? ನಮ್ಮ ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

ಅವ್ವನ ಪ್ರಕಾರ ಮುಂದೇನು ಎಂಬುದು ಕೇಳುವ ಮಾತೇ ಅಲ್ಲ. ಹೊಸ ಹಾಡು ಅಮಾವಾಸ್ಯೆಯ ದಿನ ಗುಡಿಯಲ್ಲಿ, ದೇವಿಯ ಮುಂದೆ, ಮಂದಿಯ ಮುಂದೆ ಆಗಬೇಕು. ಅವಳಿಗೆ ಹಾಡು ಕಲಿಸಿದವರ ಪದ್ಧತಿ ಅದು. ಕೊನೆಯ ನುಡಿಗೆ ಹೆಸರಿನ ನುಡಿ ಎನ್ನುತ್ತಾರೆ. ಹಾಡು ಕಟ್ಟಿದವರ ಊರು, ಹೆಸರು ಅದರಲ್ಲಿ ಬರುತ್ತದೆ. ಅದನ್ನು ಹಾಡಿದ ಕೂಡಲೇ ಮಂಗಳಾರತಿ. ಹಾಗೆ ಒಮ್ಮೆ ಗುಡಿಯಲ್ಲಿ ಆಗುವ ತನಕ ಹೆಸರಿನ ನುಡಿಯನ್ನು ಮನೆಯಲ್ಲಿ ಗುನುಗಲೂಬಾರದು. ನಾನೇ ಅದನ್ನು ಕೇಳಿರಲಿಲ್ಲ.

ನನ್ನ ಪ್ರಕಾರ ಮುಂದೇನು ಎಂದರೆ, ಫೋನು. ಭಾನುವಾರ ಅವ್ವನನ್ನು ಅಡುಗೆಮನೆಯಲ್ಲಿ ಕೂರಿಸಿ ರೆಕಾರ್ಡ್ ಮಾಡಿದೆ. ನಾಲ್ಕು ನುಡಿ ಹಾಡಿ ನಿಲ್ಲಿಸಿದಳು.

“ಹೆಸರಿನ ನುಡಿ?” ಎಂದೆ.

“ಅದನ್ನ ಆ ಡಬ್ಬ್ಯಾಗ ಹಾಡಬಾರದವ್ವಾ. ದೇವಿ ಮುಂದ ಆಗಲಿ ಮೊದಲ.”

ಆಗಲಿ ಬಿಡು ಎಂದು, ಇದ್ದಷ್ಟನ್ನೇ ಶಂಕರಲಿಂಗ ಕಾಕಾಗೆ ಕಳಿಸಿದೆ. ಕಾಕಾ ನಮ್ಮ ಓಣಿಯ ಭಜನಾ ಮಂಡಳಿಯ ಪೆಟ್ಟಿಗೆ ಮಾಸ್ತರ. ಹಾರ್ಮೋನಿಯಂ ಮೇಲೆ ರಾಗ ಹುಡುಕಿಟ್ಟಿರಲಿ ಎಂದು ಕಳಿಸಿದ್ದು ಅಷ್ಟೇ. ಅವ್ವನನ್ನು ಕೇಳಿ ಕಳಿಸಿದೆಯಾ ಎಂದರೆ, ಇಲ್ಲ. ಅದರಲ್ಲಿ ಕೇಳುವುದೇನಿದೆ ಅನ್ನಿಸಿತ್ತು. ಆ ಅಮಾವಾಸ್ಯೆಗೆ ಅವ್ವನ ಮೊಣಕಾಲು ಬಾತಿತ್ತು. ಮುಂದಿನದಕ್ಕೆ ಜ್ವರ. ಹಾಡು ಗುಡಿಗೆ ಹೋಗುವ ಮೊದಲೇ ಸಮುದ್ರದ ದಂಡೆಗೆ ಹೋಗಿ ಕುಣಿದುಬಿಟ್ಟಿತ್ತು.

ಬಸ್ಸಿನಲ್ಲಿ ನೋಡಿದ ದಿನವೇ ಸಂಜೆ ಕಾಕಾನ ಮನೆಗೆ ಹೋದೆ. ಚಪ್ಪಲಿಯನ್ನೂ ಬಿಚ್ಚಲಿಲ್ಲ.

“ಕಾಕಾ, ನಮ್ಮವ್ವನ ಹಾಡ ಯಾರಿಗೆ ಕೊಟ್ರಿ?”

“ಯಾರಿಗೂ ಕೊಟ್ಟಿಲ್ಲವಾ. ಮಂಡಳಿ ಗ್ರೂಪಿಗೆ ಅಷ್ಟ ಹಾಕೀನಿ, ಎಲ್ಲಾರೂ ಕಲೀಲಿ ಅಂತ.”

“ಗ್ರೂಪಿನ್ಯಾಗ ಎಷ್ಟ ಮಂದಿ ಅದಾರ್ರಿ?”

ಕಾಕಾ ಫೋನು ತೆಗೆದು ನೋಡಿದರು. “ನೂರಾ ಎಂಬತ್ತ.”

“ಯಾರಿಗೂ ಕೊಟ್ಟಿಲ್ಲ ಅಂದ್ರ ನೂರಾ ಎಂಬತ್ತ ಮಂದೀನ್ರಿ?”

ಕಾಕಾ ಪಾಪದವರು. ತಲೆ ತಗ್ಗಿಸಿ ಕೂತರು. ಅವರ ಮೇಲೆ ಇನ್ನಷ್ಟು ಕೂಗಾಡಲು ಬಾಯಿ ತೆರೆದವಳಿಗೆ ಅವರಿಗೆ ಕಳಿಸಿದವಳು ನಾನೇ ಎಂದು ನೆನಪಾಯಿತು. ಅದರಿಂದ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು.

ಮನೆಗೆ ಬಂದು ಅವ್ವನಿಗೆ ವೀಡಿಯೊ ತೋರಿಸಿದೆ. ಎದೆ ಬಡಿದುಕೊಂಡು ಅಳುತ್ತಾಳೆ, ಆಮೇಲೆ ಇಬ್ಬರೂ ಸೇರಿ ಆ ರವಿಕುಮಾರನಿಗೆ ಶಾಪ ಹಾಕಬಹುದು ಅಂದುಕೊಂಡಿದ್ದೆ. ಅವಳು ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆವರೆಗೆ ನೋಡಿದಳು. “ಆ ಹುಡುಗಿ ಕಸಬರಿಗಿ ಹಿಡಿಯೂದ ತಪ್ಪೈತಿ. ಹಂಗ ಹಿಡದ್ರ ಎರಡ ದಿನದಾಗ ಬೆನ್ನ ಹೋಕ್ಕೈತಿ,” ಎಂದಳು. ಆಮೇಲೆ ಒಂದೇ ಮಾತು ಕೇಳಿದಳು. “ಹೆಸರಿನ ನುಡಿ ಹಾಡ್ಯಾನೇನು?”

“ಅಂವಗ ಹೆಂಗ ಗೊತ್ತಿರತೈತಿ? ನೀ ಅದನ್ನ ಹಾಡೇ ಇಲ್ಲಲ್ಲ!”

“ಹಂಗಾರ ಹಾಡ ಇನ್ನೂ ಆಗಿಲ್ಲ ಬಿಡು,” ಎಂದು ಅಕ್ಕಿಯ ತಟ್ಟೆ ಎಳೆದುಕೊಂಡಳು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಪ್ಪತ್ತಾರು ವರ್ಷ ರಸ್ತೆ ಗುಡಿಸಿದಳು, ದಾರಿಯಲ್ಲಿ ಹೋಗುವ ಒಬ್ಬನಾದರೂ ಇವಳನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಏ ಬಾಯಿ’, ‘ಏ ಮೌಶಿ’, ಅಷ್ಟೇ. ಈಗ ಎಂಟು ಲಕ್ಷ ಜನ ಇವಳ ಮಾತಿಗೆ ತಲೆ ಕುಣಿಸುತ್ತಿದ್ದಾರೆ, ಅಲ್ಲೂ ಇವಳಿಗೆ ಹೆಸರಿಲ್ಲ. ಇದನ್ನು ನಾನು ಬಿಡುವುದಿಲ್ಲ, ಲಕ್ಷ್ಮವ್ವ ಅನ್ನುವ ಹೆಸರು ಆ ಹಾಡಿನ ಕೆಳಗೆ ಬರುವ ತನಕ ಸುಮ್ಮನೆ ಕೂರುವುದಿಲ್ಲ ಎಂದು ಅಲ್ಲೇ ಜೋರಾಗಿ ಹೇಳಿದೆ. ಅವ್ವ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದಳು.

ಮರುದಿನ ಅರ್ಧ ದಿನ ರಜೆ ಹಾಕಿ ರವಿಕುಮಾರನನ್ನು ಹುಡುಕಿಕೊಂಡು ಹೋದೆ. ಅವನೇನೂ ದೊಡ್ಡ ಮನುಷ್ಯನಲ್ಲ. ವಾಸ್ಕೋ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾನೆ, ಮದುವೆಗಳಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. ಅವರ ಅಪ್ಪ ಬಾಗಲಕೋಟೆ ಕಡೆಯಿಂದ ಬಂದ ಗೌಂಡಿ. ನಮ್ಮವನೇ. ಅದೇ ಇನ್ನೂ ಸಿಟ್ಟು.

“ಬರ್ರಿ ಅಕ್ಕಾರ, ಕುಂದರ್ರಿ. ಡಿಸ್ಪ್ಲೇ ಹೋಗೇತೇನ್ರಿ?” ಎಂದ.

“ಡಿಸ್ಪ್ಲೇ ನಿಂದ ಹೋಕ್ಕೈತಿ ಈಗ. ಗುಡ್ಡ ಹಡಗ ಏರಿದ ಹಾಡ ಯಾರದು?”

“ಓ, ಅದರೀ! ಅದು ಜನಪದರೀ ಅಕ್ಕಾರ. ಭಾಳ ಹಳೀದು. ನಮ್ಮ ಮುತ್ಯಾನ ಕಾಲದ್ದಿರಬೇಕು.”

“ನಿಮ್ಮ ಮುತ್ಯಾನ ಕಾಲದಾಗ ಡಂಪರ್ ಇತ್ತೇನೋ? ಮೂರನೇ ನುಡ್ಯಾಗ ಡಂಪರ್ ಬರತೈತಿ. ಹಾಡೂ ಮುಂದ ಅದ ಏನಂತ ವಿಚಾರನರ ಮಾಡಿದಿ?”

ಅಂಗಡಿಯ ಗಿರಾಕಿಗಳು ನಕ್ಕರು. ರವಿಕುಮಾರನ ಮುಖ ಸಣ್ಣದಾಯಿತು. ಆದರೆ ಅವನು ಹೆದರಿ ಕೂರುವವನಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ನೆಟ್ಟಗೆ ಕೂತ.

“ಅಕ್ಕಾರ, ನಾ ಕಳ್ಳ ಅಲ್ರಿ. ನಾನೂ ಹಾಡಿನ ಮನ್ಯಾಗ ಹುಟ್ಟಿದಂವ. ಕಡೀ ನುಡ್ಯಾಗ ಹೆಸರ ಐತೇನಂತ ರೆಕಾರ್ಡ ಹತ್ತ ಸಲ ಹಚ್ಚಿ ಕೇಳೀನಿ. ನಮ್ಮ ಮಂದಿ ಹಾಡ ಕಟ್ಟಿದ್ರ ಹೆಸರ ಹಾಕದ ಬಿಡ್ತಾರೇನ್ರಿ? ಹೆಸರ ಇದ್ದಿದ್ರ ಹಾಕತಿದ್ದೆ, ನಮ್ಮವ್ವನಾಣಿ. ಹೆಸರಿಲ್ಲದ್ದಕ್ಕ ಜನಪದ ಅನ್ನದ ಮತ್ತೇನ ಅನ್ನಬೇಕ್ರಿ?”

ಅವನು ಹೇಳಿದ್ದು ಖರೆಯೇ. ಹೆಸರನ್ನು ದೇವಿಗೆ ಮೀಸಲಿಟ್ಟು, ಹೆಸರಿಲ್ಲದ ಹಾಡನ್ನು ನೂರಾ ಎಂಬತ್ತು ಮಂದಿಯ ಕೈಗೆ ಹಾಕಿದವರು ನಾವು. ಇಂಥ ತಪ್ಪು ನಮ್ಮವರನ್ನು ಬಿಟ್ಟು ಇನ್ಯಾರೂ ಮಾಡಲಿಕ್ಕಿಲ್ಲ. ಆದರೂ ಸೋಲೊಪ್ಪಲು ನನಗೆ ಮನಸ್ಸಿರಲಿಲ್ಲ.

“ಕೇಳಬೇಕಿತ್ತು. ಗ್ರೂಪಿನ್ಯಾಗ ಒಂದ ಮಾತ ಹಾಕಬೇಕಿತ್ತು, ಈ ಹಾಡ ಯಾರದಂತ. ಧ್ವನಿ ಕೇಳಿ ಇದೊಬ್ಬಾಕಿ ಜೀವಂತ ಹೆಣಮಗಳದು ಅಂತ ಗೊತ್ತಾಗಲಿಲ್ಲ? ಹಿಂದ ಕುಕ್ಕರ್ ಸೀಟಿ ಹೊಡೀತಿತ್ತು! ನಿಮ್ಮ ಮುತ್ಯಾನ ಮನ್ಯಾಗ ಕುಕ್ಕರ್ ಇತ್ತೇನು?”

“ಕೇಳಬೇಕಿತ್ರಿ,” ಎಂದ ಮೆಲ್ಲಗೆ. ಆಮೇಲೆ, ಮಾಡಿದ್ದು ಮಾಡಿಯಾಗಿದೆ, ನೋಡೋಣ, ಎರಡು ದಿನ ಬಿಟ್ಟು ಫೋನ್ ಮಾಡುತ್ತೇನೆ ಎಂದ.

ಅಲ್ಲಿಂದ ಸೀದಾ ಶರೀಫಾಳ ಅಂಗಡಿಗೆ ಹೋದೆ. ಶರೀಫಾ ಹುಬ್ಬಳ್ಳಿಯವಳು. ಬಸ್ ಸ್ಟ್ಯಾಂಡ್ ಹಿಂದೆ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಆಧಾರ್ ತಿದ್ದುವುದರಿಂದ ಹಿಡಿದು ಕೋರ್ಟಿನ ಅರ್ಜಿಯ ತನಕ ನಮ್ಮ ಓಣಿಯವರ ಕಾಗದವೆಲ್ಲ ಅವಳ ಕೈಯಿಂದಲೇ ಹೋಗಬೇಕು. ನಾನು ಅಳುತ್ತಾ ಬೈಯುತ್ತಾ ಹೇಳಿದ್ದನ್ನೆಲ್ಲ ಕೇಳಿ ಅವಳು ಮೊದಲು ನನಗೇ ಬೈದಳು.

“ಅರೇ ಹುಚ್ಚಿ, ಹಾಡ ಮುಗದ ಮ್ಯಾಲ ಮೊದಲ ಮಾಡೂ ಕೆಲಸ ಕಳಸೂದಲ್ಲ, ಬರಿಯೂದು. ಪೂರಾ ಹಾಡ ಕಾಗದದ ಮ್ಯಾಲ, ಕೆಳಗ ಕಟ್ಟಿದಾಕಿ ಹೆಸರು, ತಾರೀಖು. ಆಮ್ಯಾಲ ರೆಕಾರ್ಡು, ಅದರಾಗೂ ಮೊದಲ ಹೆಸರ ಹೇಳಿ ಆಮ್ಯಾಲ ಹಾಡೂದು. ಆಮ್ಯಾಲ ದಿಲ್ಲಿ ಕಾಪಿರೈಟ್ ಆಫೀಸಿನ್ಯಾಗ ನೋಂದಣಿ. ಅವರು ಒಂದ ತಿಂಗಳ ಕಾಯ್ತಾರ, ಯಾರರ ತಕರಾರ ತಗೀತಾರೇನಂತ. ಹಾಡಾಕ ಯಾರರ ಕೇಳಿದ್ರ, ಬರಕೊಟ್ರ ಅಷ್ಟ ಕೊಡೂದು. ಇಷ್ಟೆಲ್ಲಾ ಆದ ಮ್ಯಾಲ ಬೇಕಾದ್ರ ಊರ ಮಂದೀಗೆ ಕಳಸು.”

“ಈಗ ಏನ ಮಾಡ್ಲಿ, ಆಪಾ?”

“ಮೊದಲ ಮಾಡಿದ ರೆಕಾರ್ಡ ಫೋನಿನ್ಯಾಗ ಐತೋ, ಅಳಿಸಿದಿಯೋ?”

ಇತ್ತು. ದಿನಾಂಕ, ಹೊತ್ತು ಎಲ್ಲಾ ಇತ್ತು. ರವಿಕುಮಾರನ ವೀಡಿಯೊಗಿಂತ ಏಳು ವಾರ ಹಿಂದಿನದು. “ಇಷ್ಟ ಸಾಕು,” ಎಂದು ಶರೀಫಾ ಕಂಪ್ಯೂಟರ್ ಎಳೆದುಕೊಂಡಳು. ವೀಡಿಯೊ ಹಾಕಿದ ಕಂಪನಿಗೆ ದೂರು, ದಿಲ್ಲಿಗೆ ಅರ್ಜಿ, ಎರಡನ್ನೂ ಒಟ್ಟಿಗೇ ತುಂಬಿಸತೊಡಗಿದಳು. ನಾನು ಒಂದೊಂದೇ ಸಾಲು ಹೇಳಿದೆ, ಅವಳು ಟೈಪ್ ಮಾಡಿದಳು.

“ಕಟ್ಟಿದವರ ಹೆಸರು?”

“ಲಕ್ಷ್ಮವ್ವ, ಗಂಡನ ಹೆಸರು ಗಂಗಪ್ಪ.”

“ಅಮ್ಮಾಗ ಒಮ್ಮಿ ಫೋನ್ ಮಾಡಿ ಕೇಳು, ಹೆಸರ ಹೆಂಗ ಹಾಕಬೇಕಂತ. ಕೆಲವರು ಹಾಡಿಗೆ ಅಂತ ಬ್ಯಾರೆ ಹೆಸರ ಇಟ್ಕೊಂಡಿರತಾರ.”

“ನಮ್ಮವ್ವನ ಹೆಸರ ನನಗ ಗೊತ್ತಿಲ್ಲೇನ? ಹಾಕ ಸುಮ್ನ.”

ಶರೀಫಾ ಹಾಕಿದಳು. ಆದರೆ ಕಳಿಸಲಿಲ್ಲ. ಅವನು ಎರಡು ದಿನ ಕೇಳಿದ್ದಾನಲ್ಲ, ಕಾದು ನೋಡು ಎಂದಳು.

ಎರಡು ದಿನ ಬಿಟ್ಟು ರವಿಕುಮಾರ ಫೋನ್ ಮಾಡಿದ. ನಾನು ಊಟದ ಬಿಡುವಿನಲ್ಲಿದ್ದೆ. ದೊಡ್ಡ ಉಪಕಾರ ಮಾಡುವವನ ದನಿಯಲ್ಲಿ ಹೇಳಿದ, “ಅಕ್ಕಾರ, ವಿಚಾರ ಮಾಡೀನ್ರಿ. ‘ಸಂಗ್ರಹ: ಲಕ್ಷ್ಮವ್ವ’ ಅಂತ ಹಾಕಿಬಿಡ್ತೀನಿ. ಆತಲ್ರೀ?”

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಒಗೆದೆ. ಸಂಗ್ರಹ!

“ಏನ ಸಂಗ್ರಹ ಮಾಡ್ಯಾಳೋ ನಮ್ಮವ್ವ? ಕಟಗಿ ಆರಿಸಿ ತಂದಾಳೇನು? ಬೀದ್ಯಾಗ ಬಿದ್ದಿತ್ತೇನ ಹಾಡು, ಕಸಬರಿಗೀಲೆ ಬಳಕೊಂಡ ಬಂದಾಳೇನು? ಧೂಳಿ ಬಳದಾಳ, ಹಾಡ ಬಳದಿಲ್ಲ. ಹಾಡ ಕಟ್ಯಾಳ! ಒಂದೊಂದ ಮಾತಿಗೆ ಒಂದೊಂದ ತಿಂಗಳ ಕುಂತಾಳ. ಸಂಗ್ರಹ ಅಂತಾನ, ಬಾಡ್ಯಾ!”

ಕ್ಯಾಂಟೀನಿನಲ್ಲಿ ಕೊಂಕಣಿಯವರು, ಮರಾಠಿಯವರು, ಬಿಹಾರದವರು ಎಲ್ಲ ಚಮಚ ಹಿಡಿದು ನೋಡುತ್ತಾ ಕೂತರು. ಬೈಗುಳ ಯಾವ ಭಾಷೆಯದ್ದಾದರೂ ಎಲ್ಲರಿಗೂ ಅರ್ಥವಾಗುತ್ತದೆ. ನಾನು ಫೋನು ಕಟ್ ಮಾಡಿ ಶರೀಫಾಗೆ ಹಚ್ಚಿದೆ. “ಕಳಸಿಬಿಡು,” ಎಂದೆ.

ಒಂಬತ್ತು ದಿನಕ್ಕೆ ವೀಡಿಯೊ ಮಾಯವಾಯಿತು. ಹತ್ತನೆಯ ದಿನ, ಭಾನುವಾರ ಬೆಳಿಗ್ಗೆ, ರವಿಕುಮಾರ ನಮ್ಮ ಗುಡ್ಡ ಹತ್ತಿಕೊಂಡು ಬಂದ. ಕಪ್ಪು ಕನ್ನಡಕ ಇರಲಿಲ್ಲ. ಬೆವರಿನಲ್ಲಿ ತೊಯ್ದಿದ್ದ.

“ನನ್ನ ಬಾಯಾಗ ಮಣ್ಣ ಹಾಕಿದ್ರಲ್ರೀ ಅಕ್ಕಾರ,” ಎಂದು ಬಾಗಿಲಲ್ಲೇ ಶುರು ಮಾಡಿದ. “ಏಳ ವರ್ಷ ಆತು ನಾ ಹಾಡಾಕತ್ತು. ಒಂದ ಹಾಡರ ಮಂದೀಗೆ ಹಿಡೀತೇನು? ಇದೊಂದ ಹಿಡದಿತ್ತು. ಅದನ್ನೂ ತಗಸಿಬಿಟ್ರಿ.”

ನಾನು ಕಚ್ಚೆ ಕಟ್ಟಿ ಜಗಳಕ್ಕೆ ನಿಂತೆ. ಅಷ್ಟರಲ್ಲಿ ಒಳಗಿನಿಂದ ಅವ್ವ, “ಯಾರವಾ ಬಂದಾರ? ಒಳಗ ಕರೀ, ಬಿಸಲಾಗ ಬಂದಾನ,” ಎಂದಳು. ಅವನನ್ನು ಕೂರಿಸಿ ನೀರು ಕೊಟ್ಟಳು, ಚಹಾ ಕೊಟ್ಟಳು. ನನ್ನ ವೈರಿಗೆ ನನ್ನ ಮನೆಯಲ್ಲೇ ಚಹಾ! ನಾನು ಹಲ್ಲು ಕಡಿಯುತ್ತಾ ನಿಂತಿದ್ದೆ. ಅವನು ಅವ್ವನ ಮುಖ ನೋಡಿದ, ಅವಳ ಬಾತ ಮೊಣಕಾಲು ನೋಡಿದ. ಅವನ ದನಿ ಇಳಿಯಿತು.

“ಆಯಿ, ತಪ್ಪಾತ್ರಿ. ಹಾಡ ಭಾಳ ಚಲೋ ಐತಿ. ಖರೇ ಹೇಳ್ತೀನಿ, ಅದನ್ನ ಕೇಳಿದ ದಿನ ನನಗ ನಿದ್ದಿ ಬರಲಿಲ್ಲ.”

“ಚಲೋ ಹಾಡಿದಿ. ಮೂರನೇ ನುಡಿ ಸ್ವಲ್ಪ ಅವಸರ ಮಾಡಿದಿ,” ಎಂದಳು ಅವ್ವ.

ಅಂದೇ ಶರೀಫಾಳನ್ನು ಕರೆಸಿ ಕಾಗದ ಬರೆಸಿದೆ. ಸಾಹಿತ್ಯ, ರಾಗ ಲಕ್ಷ್ಮವ್ವನದು. ದನಿ ಮಾತ್ರ ರವಿಕುಮಾರನದು. ಕೇಳದೆ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ರವಿಕುಮಾರ ಕಣ್ಣು ಮುಚ್ಚಿ ಸಹಿ ಹಾಕಿದ. ಅವ್ವನ ಕೈಗೆ ಪೆನ್ನು ಕೊಟ್ಟೆ. ಬಂದರಿನ ಹಾಜರಿ ಪಟ್ಟಿಗೆಂದು ಕಲಿತ ಮೂರು ಅಕ್ಷರದ ಸಹಿ ಅವಳಿಗೆ ಬರುತ್ತದೆ. ಅವಳು ಪೆನ್ನು ಹಿಡಿದು ಹಾಗೇ ಕೂತಳು.

“ನೀಲಾ, ಹೆಸರಿಂದ ಗುಡ್ಯಾಗ ಆದ ಮ್ಯಾಲ ಬರಸೂಣಲ್ಲ. ಏನಂದ್ರ…”

“ಅವ್ವಾ, ಮತ್ತ ನಿನ್ನ ಗುಡಿ ಪುರಾಣ ತಗೀಬ್ಯಾಡ. ಅದ ಪುರಾಣದಿಂದ ಇಷ್ಟೆಲ್ಲಾ ಆಗೇತಿ. ಸುಮ್ಮ ಸಹಿ ಹಾಕು.”

ಅವ್ವ ಹಾಕಿದಳು.

ಎರಡು ದಿನಕ್ಕೆ ಹಾಡು ಮತ್ತೆ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಸಾಹಿತ್ಯ, ರಾಗ: ಲಕ್ಷ್ಮವ್ವ’. ನಾನು ಬಸ್ಸಿನಲ್ಲಿ ಎದ್ದು ನಿಂತು ಎಲ್ಲರಿಗೂ ತೋರಿಸಿದೆ. ಅವತ್ತು ನಕ್ಕವರ ಮೂಗಿನ ಮುಂದೆ ಹಿಡಿದು ತೋರಿಸಿದೆ. ಗೆದ್ದೆ ಅಂದುಕೊಂಡೆ. ವರ್ಷಗಟ್ಟಲೆ ಇಂಥ ಖುಷಿ ನನಗೆ ಆಗಿರಲಿಲ್ಲ.

ಆಮೇಲೆ ಬಂತು ಅಮಾವಾಸ್ಯೆ. ಸಂಜೆ ಆರಕ್ಕೇ ಗುಡಿ ತುಂಬಿತ್ತು. ತಗಡಿನ ಚಪ್ಪರದ ಸಣ್ಣ ದುರ್ಗವ್ವನ ಗುಡಿ ನಮ್ಮದು, ನೂರು ಜನ ಹಿಡಿಯುವಲ್ಲಿ ಇನ್ನೂರು ಜನ. ಹಾಡು ಎಲ್ಲರ ಬಾಯಿಗೂ ಬಂದಿತ್ತಲ್ಲ, ಅದನ್ನು ಕಟ್ಟಿದವಳನ್ನು ನೋಡಲು ಬೈನಾ ದಂಡೆಯ ಕಡೆಯಿಂದಲೂ ಹೆಂಗಸರು ಬಂದಿದ್ದರು. ರವಿಕುಮಾರ ಮೂಲೆಯಲ್ಲಿ ಫೋನು ಹಿಡಿದು ನಿಂತಿದ್ದ. ಶಂಕರಲಿಂಗ ಕಾಕಾ ಪೆಟ್ಟಿಗೆಯ ಮುಂದೆ ಕೂತಿದ್ದರು. ಅವ್ವ ಹಸಿರು ಇಳಕಲ್ ಸೀರೆ ಉಟ್ಟು ದೇವಿಯ ಮುಂದೆ ಕಂಬಕ್ಕೆ ಒರಗಿ ಕೂತಳು. ನೆರಿಗೆಯನ್ನು ಮೂರು ಸಲ ಸರಿಮಾಡಿಕೊಂಡಳು. ಅವಳಿಗೆ ಇದು ಇಷ್ಟು ದೊಡ್ಡ ದಿನ ಎಂದು ನನಗೆ ಆಗಲೇ ತಿಳಿದದ್ದು.

ಅವಳು ಶುರು ಮಾಡಿದಳು. ಕಸಬರಿಗೆ ಎಳೆದಷ್ಟೇ ನಿಧಾನಕ್ಕೆ.

ಗುಡ್ಡ ಹಡಗ ಏರಿ ಹೋದಾವ, ಗೆಳತಿ,
ಕೆಂಪ ಧೂಳಿ ನನಗ ಬಿಟ್ಟಾವ;
ಉಡುಗಿದಷ್ಟೂ ಬೀಳತಾವ, ಉಡುಗಾಕಿ ಬಾಗ್ಯಾಳ,
ಕಸಬರಿಗಿ ಸವದ ಹೋಗ್ಯಾವ.

ಎರಡನೇ ನುಡಿಗೆ ಹೆಂಗಸರು ದನಿಗೂಡಿಸಿದರು. ಮೂರನೆಯದಕ್ಕೆ ಎಲ್ಲರೂ ಚಪ್ಪಾಳೆ ಹಿಡಿದರು. ವೀಡಿಯೊದಲ್ಲಿ ಕೇಳಿದ ಅದೇ ಓಟ. ಕಾಕಾನ ಬೆರಳುಗಳೂ ಓಡಿದವು. ಡಂಪರ್ ಬಂದ ಕಡೆ ಎಲ್ಲರೂ ಹೋ ಎಂದು ಕೂಗಿದರು. ಅವ್ವ ಅವರ ಹಿಂದೆ ಏದುಸಿರು ಬಿಡುತ್ತಾ ಹಾಡುತ್ತಿದ್ದಳು. ಅವಳ ಹಾಡಿನಲ್ಲಿ ಅವಳೇ ಹಿಂದೆ ಬಿದ್ದಿದ್ದಳು. ನಾಲ್ಕನೆಯ ನುಡಿ ಮುಗಿದದ್ದೇ ತಡ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಪೂಜಾರಿ ಆರತಿ ಎತ್ತಿಕೊಂಡ, ಗಂಟೆ ಬಾರಿಸಿದ, ಜಾಗಟೆ ಶುರುವಾಯಿತು. ಅವರಿಗೆ ಗೊತ್ತಿದ್ದ ಹಾಡು ಅಲ್ಲಿಗೆ ಮುಗಿದಿತ್ತು.

ನಾನು ಅವ್ವನ ಕಡೆ ನೋಡಿದೆ. ಅವಳ ತುಟಿ ಅಲ್ಲಾಡುತ್ತಿತ್ತು. ಅವಳು ಐದನೆಯ ನುಡಿ ಹಾಡುತ್ತಿದ್ದಳು. ಯಾರಿಗೂ ಕೇಳುತ್ತಿರಲಿಲ್ಲ. ಎರಡು ಸಾಲಿನ ಹೊತ್ತು ಹಾಗೇ ಹಾಡಿ ಸುತ್ತ ನೋಡಿ ನಿಲ್ಲಿಸಿದಳು.

ಆಗ ಬಂದಂಥ ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಮಂದಿಯನ್ನು ತುಳಿದುಕೊಂಡು ಹೋಗಿ ಪೂಜಾರಿಯ ಕೈಯಿಂದ ಗಂಟೆ ಕಿತ್ತುಕೊಂಡೆ. ಹೆಂಗಸರು ಹಾ ಎಂದರು.

“ನಿಲ್ಲಸ್ರಿ! ನಿಲ್ಲಸ್ರಿ ಅಂದ್ರ ನಿಲ್ಲಸ್ರಿ! ಹಾಡ ಮುಗದಿಲ್ಲ ಇನ್ನೂ. ಹಾಡಾಕಿ ಬಾಯಿ ತಗದ ಕುಂತಾಳ, ಕಣ್ಣ ಕಾಣವಲ್ವೇನ ನಿಮಗ? ಆಕಿ ಹಾಡ ಬೇಕು, ಆಕಿ ಬ್ಯಾಡ ಹೌದಲ್ಲ? ಕುಂದರ್ರಿ ಎಲ್ಲಾರೂ!”

ಜಾಗಟೆ ನಿಂತಿತು. ಎಲ್ಲರೂ ಕೂತರು. ಕಾಕಾ ಪೆಟ್ಟಿಗೆಯಿಂದ ಕೈ ತೆಗೆದರು. ಪೂಜಾರಿ ಆರತಿ ಹಿಡಿದು ಹಾಗೇ ನಿಂತ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊದಲಿನಷ್ಟೇ ನಿಧಾನಕ್ಕೆ ಹಾಡಿದಳು. ಒಬ್ಬಳೇ.

ಭೀಮೀಯ ದಂಡ್ಯಾಗ ಹುಟ್ಟಿದಾಕಿ, ಗೆಳತಿ,
ಮುರ್ಮುಗಾಂವ ಧೂಳಾಗ ಹಣ್ಣಾದಾಕಿ;
ಹಡದವ್ವ ಕರದಂಥ ಹೆಸರೀಲೆ ಕಟ್ಟೇನಿ,
ಸುಂದರವ್ವ ನಾನು, ಕೇಳರಿ.

ಮಂಗಳಾರತಿ ಆಯಿತು. ಈ ಸಲ ಗಂಟೆ ನಾನೇ ಬಾರಿಸಿದೆ. ಕೈ ಬಾರಿಸುತ್ತಿತ್ತು, ತಲೆಯೊಳಗೆ ಆ ಒಂದು ಹೆಸರು ಸುತ್ತುತ್ತಿತ್ತು. ಸುಂದರವ್ವ? ಯಾರು ಸುಂದರವ್ವ? ಹಿಂದೆ ಕೂತ ಹೆಂಗಸರು, “ಲಕ್ಷ್ಮವ್ವ ಅಲ್ಲೇನ? ಸುಂದರವ್ವ ಯಾರಬೇ?” ಎಂದು ಗುಸುಗುಸು ಮಾಡುತ್ತಿದ್ದರು. ನಾನು ಇಷ್ಟು ದಿನ ಒದ್ದಾಡಿ ಅವಳ ಹೆಸರು ಹಾಕಿಸಿದರೆ, ಇವಳು ಹಾಡನ್ನು ಯಾವಳಿಗೋ ಬರೆದುಕೊಟ್ಟಳಲ್ಲ ಎಂದು ಮೈಯೆಲ್ಲ ಉರಿಯಿತು. ಆರತಿ ತಟ್ಟೆ ಹೊರಗೆ ಹೋದ ಕೂಡಲೇ ಅವಳ ಮುಂದೆ ಕೂತೆ.

“ಅವ್ವಾ, ಸುಂದರವ್ವ ಯಾರು?”

“ನಾ,” ಎಂದಳು.

“ಏನ ಹಂಗಂದ್ರ?”

“ನಮ್ಮವ್ವ ನಮ್ಮಪ್ಪ ಇಟ್ಟ ಹೆಸರು. ಹದಿನಾಲ್ಕ ವರ್ಷ ಅದ ಹೆಸರಿತ್ತು. ಲಗ್ನ ಆಗಿ ನಿಮ್ಮಪ್ಪನ ಮನೀಗೆ ಬಂದ ದಿನ ಅತ್ತೀಯವರು ಬದಲ ಮಾಡಿದ್ರು. ಮನೀಗೆ ಲಕ್ಷ್ಮಿ ಬಂದ್ಲು ಅಂತ ಲಕ್ಷ್ಮವ್ವ ಅಂದ್ರು. ನೀ ಹುಟ್ಟೂ ಮುಂದ ನಮ್ಮವ್ವ ಇರಲಿಲ್ಲ. ಆಕಿ ಹೋದ ಮ್ಯಾಲ ಆ ಹೆಸರೀಲೆ ಯಾರೂ ಕರದಿಲ್ಲ.” ಅವ್ವ ದೇವಿಯ ಕಡೆ ನೋಡಿದಳು. “ಇವತ್ತ ನಾನ ಕರಕೊಂಡೆ.”

ಕಾಗದ, ದೂರು, ದಿಲ್ಲಿಯ ಅರ್ಜಿ, ವೀಡಿಯೊದ ಕೆಳಗಿನ ದಪ್ಪ ಅಕ್ಷರ, ಎಲ್ಲಾ ಕಡೆಯೂ ಲಕ್ಷ್ಮವ್ವ. ಎಲ್ಲವನ್ನೂ ಹಾಕಿಸಿದವಳು ನಾನು. ನನ್ನ ದನಿ ಗುಡಿಗೆಲ್ಲ ಕೇಳುವಷ್ಟು ಜೋರಾಯಿತು.

“ಒಂದ ತಿಂಗಳಾತು ನಿನ್ನ ಹೆಸರಿನ ಸಂಬಂಧ ಊರ ಮಂದಿ ಜೋಡಿ ಹೊಡದಾಡಾಕತ್ತೇನಿ! ಕಂಡಕಂಡವರಿಗೆಲ್ಲ ಬೈದೀನಿ, ಹೆಸರ ಕೇಳಲಿಲ್ಲ ಅಂತ. ನನಗ್ಯಾಕ ಹೇಳಲಿಲ್ಲ ನೀ?”

“ನೀನೂ ಕೇಳಲಿಲ್ಲಲ್ಲ ಯವ್ವಾ,” ಎಂದಳು ಅವ್ವ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ಮೂವತ್ತೆಂಟು ವರ್ಷ ಒಂದೇ ಸೂರಿನ ಕೆಳಗೆ ಉಂಡಿದ್ದೇವೆ, ಒಂದು ಸಲವೂ ಕೇಳಿರಲಿಲ್ಲ. ಪೆನ್ನು ಹಿಡಿದು ಹೇಳಲು ಬಾಯಿ ತೆರೆದವಳ ಬಾಯಿಯನ್ನು ನಾನೇ ಮುಚ್ಚಿಸಿದ್ದೆ.

ಮಂದಿ ಪ್ರಸಾದ ತೆಗೆದುಕೊಂಡು ಚದುರುತ್ತಿದ್ದರು. ರವಿಕುಮಾರ ಫೋನು ಹಿಡಿದುಕೊಂಡು ನಮ್ಮ ಹತ್ತಿರ ಬಂದು ನಿಂತ. ಐದನೆಯ ನುಡಿಯನ್ನು ಪೂರಾ ರೆಕಾರ್ಡ್ ಮಾಡಿಕೊಂಡಿದ್ದ. ನನ್ನ ಮುಖ ನೋಡಿ ಹೆದರುತ್ತಾ ಕೇಳಿದ.

“ಅಕ್ಕಾರ, ಈಗ ಹಾಡಿನ ಕೆಳಗ ಯಾವ ಹೆಸರ ಹಾಕ್ಲಿ?”

ನಾಲಿಗೆಯ ತುದಿಗೆ ಉತ್ತರ ಬಂದೇಬಿಟ್ಟಿತ್ತು. ಕಚ್ಚಿ ಹಿಡಿದೆ.

“ನನ್ನ ಯಾಕ ಕೇಳ್ತಿ? ಆಕೀನ್ನ ಕೇಳು,” ಎಂದೆ.